ಸಂಗೀತ ಕಛೇರಿ ಬಿಟ್ಟು ಬೇರೆ ಹಾಡಿದರೆ ಅವರು ದೊಡ್ಡ ಕಲಾವಿದರಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುವವನು. ಸಂಜೆ ಐದೂವರೆಗೆ ಪಾಠ ಶುರು. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಜಗಲಿಯಲ್ಲಿ ಕೂತಿರುತ್ತಾರೆ. ಒಳಗೆ ಸರಳೆ ವರಸೆ, ಹೊರಗೆ ಚರ್ಚೆ. ಗಣಪತಿ ಹಬ್ಬದ ಸಮಯದಲ್ಲಂತೂ ಇದು ಜಾಸ್ತಿ. ಯಾರೋ ವಿದ್ವಾಂಸರು ಪೆಂಡಾಲಿನಲ್ಲಿ ಕೀಬೋರ್ಡ್, ಡ್ರಮ್ಸ್ ಇಟ್ಟುಕೊಂಡು ಹಾಡಿದರೆ ಮಾರನೇ ದಿನ ನನ್ನ ಜಗಲಿಯಲ್ಲಿ ಅದೇ ಮಾತು. ‘ಮೇಷ್ಟ್ರೇ, ಅಷ್ಟು ಕಲಿತವರು ಹೀಗೆ ಮಾಡಬಹುದಾ?’ ಹೇಳಿದ್ದನ್ನೇ ಹೇಳಿ ಸಾಕಾಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಈ ‘ಕ್ರಾಸ್‌ಓವರ್’ ಅಂದರೆ ಯಾರು?

ಶಾಸ್ತ್ರೀಯ ಸಂಗೀತ ಕಲಿತು, ಅದರ ಬೇಲಿ ದಾಟಿದವರು. ನಮ್ಮ ಕಡೆ ಈ ಪದ ಯಾರೂ ಬಳಸುವುದಿಲ್ಲ. ‘ಲೈಟ್ ಹಾಡ್ತಾರೆ’, ‘ಆರ್ಕೆಸ್ಟ್ರಾಕ್ಕೆ ಹೋಗ್ತಾರೆ’, ‘ಫ್ಯೂಷನ್ ಮಾಡ್ತಾರೆ’ ಅನ್ನುತ್ತೇವೆ. ಮೂರರಲ್ಲೂ ಸಣ್ಣ ಕೊಂಕು ಇರುತ್ತದೆ, ಗಮನಿಸಿ.

ಬೇಲಿ ದಾಟುವವರೂ ಒಂದೇ ಥರ ಇಲ್ಲ. ಭೀಮಸೇನ ಜೋಶಿಯವರ ಹಾಗೆ ಹೊರಗೆ ಹೋಗಿ ಬರುವವರಿದ್ದಾರೆ: ದಾಸರ ಪದ, ಮರಾಠಿ ಅಭಂಗ, ಸಿನಿಮಾ ಎಲ್ಲ ಹಾಡಿ ಮತ್ತೆ ಹಿಂದೂಸ್ತಾನಿ ಖಯಾಲ್ ಗಾಯನಕ್ಕೆ ಮರಳುತ್ತಿದ್ದರು. ಭಾವಗೀತೆಯ ಶಿವಮೊಗ್ಗ ಸುಬ್ಬಣ್ಣನವರ ಹಾಗೆ ಹೊರಗೇ ಮನೆ ಕಟ್ಟಿದವರಿದ್ದಾರೆ. ಸ್ಯಾಕ್ಸೋಫೋನಿನ ಕದ್ರಿ ಗೋಪಾಲನಾಥರ ಹಾಗೆ ಹೊರಗಿನ ವಾದ್ಯವನ್ನು ಒಳಗೆ ತಂದವರೂ ಇದ್ದಾರೆ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋದರೆ ಜಗಳ ಮುಗಿಯುವುದಿಲ್ಲ.

ಸುತ್ತು ಬಳಸು ಬೇಡ. ಇವರಿಗೆ ಗೌರವ ಕೊಡಬೇಕಾ, ಬೇಡವಾ?

ಕೊಡಬೇಕು. ಆದರೆ ಹಾಡಿದ್ದಕ್ಕೆ ಕೊಡಬೇಕು, ವಿದ್ವತ್ ಸರ್ಟಿಫಿಕೇಟಿಗಲ್ಲ.

‘ಪಾಪ, ಅಷ್ಟು ದೊಡ್ಡವರು ಹೊಟ್ಟೆಪಾಡಿಗೆ ಸಿನಿಮಾ ಹಾಡು ಹಾಡಬೇಕಾಯ್ತು’ ಅಂತ ಕನಿಕರ ತೋರಿಸುವವರನ್ನು ನೋಡಿದ್ದೇನೆ. ‘ಅವರು ವಿದ್ವಾಂಸರು, ಏನು ಹಾಡಿದರೂ ಚೆಂದವೇ’ ಅಂತ ಕಣ್ಣುಮುಚ್ಚಿ ಚಪ್ಪಾಳೆ ತಟ್ಟುವವರನ್ನೂ ನೋಡಿದ್ದೇನೆ. ಇಬ್ಬರೂ ಹಾಡು ಕೇಳಿಲ್ಲ. ಕಛೇರಿಯಲ್ಲಿ ಭೈರವಿ ರಾಗವನ್ನು ಒಂದು ಗಂಟೆ ಹಾಡಿ ಕಣ್ಣಲ್ಲಿ ನೀರು ತರಿಸಿದವರು ಮಾರನೇ ದಿನ ಭಾವಗೀತೆ ಹಾಡಿ ಅದರ ಕತ್ತು ಹಿಸುಕಿದ್ದೂ ಉಂಟು. ಹೆಸರು ಬೇಡ.

ಹೀಗೆ ಬೆರೆಸುತ್ತಾ ಹೋದರೆ ಶುದ್ಧ ಸಂಗೀತ ಕೆಡುವುದಿಲ್ವಾ?

ಜಗಲಿಯಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹಾಗಾಗಿ ಉತ್ತರವೂ ಉದ್ದ.

ನಿಮ್ಮ ಮಗಳ ಪಕ್ಕದಲ್ಲಿ ಪಿಟೀಲು ಹಿಡಿದು ಕೂತ ಹುಡುಗನನ್ನು ನೋಡಿ. ಆ ವಾದ್ಯ ಯುರೋಪಿನದು. ಸುಮಾರು 200 ವರ್ಷಗಳ ಹಿಂದೆ ಮದರಾಸಿನ ಕಡೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇವತ್ತು ಪಿಟೀಲು ಇಲ್ಲದ ಕಛೇರಿ ಅಂದರೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ.

ಅಣ್ಣನೂ ಸುಮ್ಮನೆ ಕೂರಲಿಲ್ಲ. ಬ್ರಿಟಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ಅವೇ ನೋಟ್ಟುಸ್ವರಗಳು. ನಿಮ್ಮ ಮಕ್ಕಳು ಮೊದಲ ವರ್ಷವೇ ಕಲಿಯುವ ‘ಶಕ್ತಿ ಸಹಿತ ಗಣಪತಿಂ’ ಆ ಸಾಲಿನದು. ಇನ್ನೊಂದರ ಧಾಟಿ ಇಂಗ್ಲೆಂಡಿನ ರಾಜನ ಸ್ತುತಿಗೀತೆಯದು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲೇ ಒಬ್ಬರು ಬೇಲಿ ದಾಟಿದ್ದಾರೆ. ನಾವು ಅದನ್ನೇ ‘ಸಂಪ್ರದಾಯ’ ಅಂತ ದೇವರ ಮುಂದೆ ಹಾಡಿಸುತ್ತೇವೆ.

ನಮ್ಮ ಮೈಸೂರಿನ ಕಥೆ ಇನ್ನೂ ರುಚಿ. ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು. ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, 1940ರ ದಶಕದ ಕೊನೆಗೆ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟರು. ಅದೇ ಮಹಾರಾಜರು 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ್ದಾರೆ. ಒಂದು ಕಿವಿ ಅಲ್ಲಿ, ಒಂದು ಕಿವಿ ಇಲ್ಲಿ. ಯಾವ ಕಿವಿ ಕೆಟ್ಟಿತು?

ಬೇಲಿ ಹಾಕಲು ಹೋದವರ ಕಥೆಯೂ ಗೊತ್ತಿರಲಿ. ಗಮಕ (ಸ್ವರವನ್ನು ಓಲಾಡಿಸುವುದು, ಜಾರಿಸುವುದು) ಬರುವುದಿಲ್ಲ, ಶ್ರುತಿ ಕೂಡುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಲ್ಲಿಸಿತು. ದಶಕಗಳ ಕಾಲ ಅದು ಒಳಗೆ ಬರಲಿಲ್ಲ. 1952ರ ಹೊತ್ತಿಗೆ ಸಿನಿಮಾ ಹಾಡಿಗೂ ಕತ್ತರಿ ಬಿತ್ತು. ಜನ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ಸಿನಿಮಾ ಹಾಡಿಗೆ ಜಾಗ ಕೊಟ್ಟು ವಿವಿಧ ಭಾರತಿ ಶುರುಮಾಡಿತು. ಹಾರ್ಮೋನಿಯಂ ಇಲ್ಲದ ಭಜನಾ ಮಂಡಳಿಯನ್ನು ಆಗುಂಬೆಯಿಂದ ಆನವಟ್ಟಿವರೆಗೆ ಹುಡುಕಿ ನೋಡಿ. (ಹಾರ್ಮೋನಿಯಂ ಮೇಲಿನ ಆ ದೂರಿನಲ್ಲಿ ಅರ್ಧ ನಿಜ ಇತ್ತು. ಅದು ಮುಂದೆ ಬರುತ್ತದೆ.)

ನನ್ನ ಕಿವಿ ತಯಾರಾಗಿದ್ದು ಅಜ್ಜಿ ಮನೆಯ ಅಂಗಳದಲ್ಲಿ. ಕೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ಭದ್ರಾವತಿ ಆಕಾಶವಾಣಿ ಹಾಡುತ್ತಿತ್ತು. ಭಾವಗೀತೆ ಮುಗಿದರೆ ಚಿತ್ರಗೀತೆ, ಅದಾದ ಮೇಲೆ ಯಾರದೋ ಕಛೇರಿ. ಮೆಟ್ಟುಗತ್ತಿಯ ಮುಂದೆ ಕೂತವರು ಯಾರೂ ‘ಈಗ ಬೇರೆ ಥರದ್ದು ಬಂತು’ ಅಂತ ಕೈ ನಿಲ್ಲಿಸಿದ್ದು ನೆನಪಿಲ್ಲ. ಅಪಸ್ವರ ಬಂದರೆ ಮಾತ್ರ ಅಜ್ಜಿ ಮುಖ ಸಿಂಡರಿಸುತ್ತಿದ್ದರು.

ಸ್ಯಾಕ್ಸೋಫೋನ್ ಮದುವೆ ಬ್ಯಾಂಡಿನ ವಾದ್ಯ ಅಲ್ವಾ? ಅದರಲ್ಲಿ ಶಾಸ್ತ್ರೀಯ ಹೇಗೆ?

ಇದನ್ನು ಕದ್ರಿ ಗೋಪಾಲನಾಥರಿಗೂ ಬೇಕಾದಷ್ಟು ಜನ ಕೇಳಿದ್ದಾರೆ. ಅವರು ಹುಟ್ಟಿದ್ದು 1949ರಲ್ಲಿ, ಘಟ್ಟದ ಕೆಳಗೆ ಬಂಟ್ವಾಳದ ಕಡೆ. ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮನಸ್ಸು ಅಲ್ಲೇ ನಿಂತಿತು.

ತೊಡಕು ಏನು ಅಂತ ತಿಳಿದರೆ ಗೌರವ ತಾನಾಗಿ ಬರುತ್ತದೆ. ಸ್ಯಾಕ್ಸೋಫೋನಿಗೆ ಕೀಲಿಗಳಿವೆ. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವೆ ಜಾರುವ ದಾರಿ ಇಲ್ಲ. ನಾಗಸ್ವರದಲ್ಲಿ ತೂತುಗಳ ಮೇಲೆ ಬೆರಳನ್ನು ಅರ್ಧ ಸರಿಸಿ ಗಮಕ ತೆಗೆಯಬಹುದು. ಇಲ್ಲಿ ಆ ಕೆಲಸವನ್ನೆಲ್ಲ ತುಟಿ ಮತ್ತು ಉಸಿರಿನಿಂದ ಮಾಡಬೇಕು. ಅವರು ವಾದ್ಯವನ್ನೂ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ವರ್ಷಗಟ್ಟಲೆ ಪಾಠ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ತಮಿಳು ಸಿನಿಮಾಕ್ಕೂ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು.

ಈಗ ಕರಾವಳಿ, ಮಲೆನಾಡಿನ ದೇವಸ್ಥಾನದ ಉತ್ಸವ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ಮಂಗಳವಾದ್ಯದ ಜಾಗದಲ್ಲೇ ಕೂತಿದೆ. ಬ್ಯಾಂಡಿನ ವಾದ್ಯ ಅಂತ ಈಗ ನಾವೇ ಮರೆತಿದ್ದೇವೆ.

ಭಾವಗೀತೆ ಹಾಡುವುದು ಸುಲಭ. ಅದಕ್ಕೆ ಸಾಧನೆ ಯಾಕೆ?

ಶಿವಮೊಗ್ಗದಲ್ಲಿ ನಿಂತು ಈ ಪ್ರಶ್ನೆ ಕೇಳಲು ಧೈರ್ಯ ಬೇಕು!

ಸುಬ್ಬಣ್ಣನವರು ಹೊಸನಗರ ತಾಲ್ಲೂಕಿನ ನಗರದವರು. ವೃತ್ತಿಯಲ್ಲಿ ವಕೀಲರು. 1978ನೇ ಸಾಲಿನಲ್ಲಿ ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಅದಕ್ಕೂ ಮೊದಲು 1975ರ ‘ಹಂಸಗೀತೆ’ ಎಂಬ ಕನ್ನಡ ಚಿತ್ರಕ್ಕೆ ಹಾಡಿ ಅದೇ ಪ್ರಶಸ್ತಿ ಪಡೆದವರು ಬಾಲಮುರಳಿಕೃಷ್ಣ. ಅವರು ಆಂಧ್ರದವರು, ಕಛೇರಿಯ ದೊರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಬಾಲಮುರಳಿಯವರು ರಾಗವನ್ನು ಹೊತ್ತು ಸಿನಿಮಾಕ್ಕೆ ಬಂದರು. ಸುಬ್ಬಣ್ಣನವರು ಮಾತನ್ನು ಹೊತ್ತು ಬಂದರು. ಆ ದನಿಯಲ್ಲಿ ಕಾಡಿನ ಒರಟು ಇದೆ. ಅದನ್ನು ನಯ ಮಾಡಿದ್ದರೆ ಹಾಡು ಸತ್ತೇ ಹೋಗುತ್ತಿತ್ತು.

ಕೃತಿಯಲ್ಲಿ ಪಲ್ಲವಿಯ ಒಂದು ಸಾಲನ್ನು ಹತ್ತು ಸಂಗತಿಗಳಲ್ಲಿ, ಅಂದರೆ ಹತ್ತು ಥರ ಬೆಳೆಸಿ ಹಾಡಬಹುದು. ಪದ ಎಲ್ಲೋ ಮುರಿದರೂ ರಾಗ ಕಾಪಾಡುತ್ತದೆ. ಭಾವಗೀತೆಯಲ್ಲಿ ಆ ರಕ್ಷಣೆ ಇಲ್ಲ. ನಾಲ್ಕೈದು ನಿಮಿಷ ಅಷ್ಟೇ. ಕವಿ ಒಂದು ಪದದ ಮೇಲೆ ಭಾರ ಹಾಕಿದ್ದಾನೆ, ನೀವು ಇನ್ನೊಂದರ ಮೇಲೆ ಸಂಗತಿ ಹಾಕಿದರೆ ಅರ್ಥ ಬಿದ್ದುಹೋಗುತ್ತದೆ. ಕಲಿತದ್ದನ್ನು ತೋರಿಸದೆ ಇಟ್ಟುಕೊಳ್ಳಬೇಕು. ಹತ್ತು ವರ್ಷ ಕಲಿತವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಆಕಾಶವಾಣಿಯಲ್ಲೂ ಸುಗಮ ಸಂಗೀತಕ್ಕೆ ಬೇರೆಯೇ ಆಡಿಷನ್, ಬೇರೆಯೇ ಗ್ರೇಡ್. ಶಾಸ್ತ್ರೀಯದಲ್ಲಿ ಪಾಸಾದವರಿಗೆ ಇದು ಉಚಿತವಾಗಿ ಸಿಗುವುದಿಲ್ಲ.

ಇದು ಹೊಸ ವಿದ್ಯೆಯೂ ಅಲ್ಲ. ತುಂಗೆಯ ದಡದ ಹೊಸಹಳ್ಳಿಗೆ ಹೋಗಿ. ಈ ದಡದಲ್ಲಿ ಸಂಸ್ಕೃತದ ಮತ್ತೂರು, ಆ ದಡದಲ್ಲಿ ಗಮಕದ ಹೊಸಹಳ್ಳಿ. ಈ ಗಮಕ ಅಂದರೆ ಕಾವ್ಯವಾಚನ, ಸ್ವರದ ಗಮಕ ಅಲ್ಲ. ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ಓದುತ್ತಾರೆ, ತಾಳ ಇಲ್ಲ. ಯುದ್ಧಕ್ಕೆ ಒಂದು ರಾಗ, ಅಳುವಿಗೆ ಇನ್ನೊಂದು. ಪದ ಬಿಡಿಸುವುದರಲ್ಲಿ ತಪ್ಪಿದರೆ ಊರ ಅಜ್ಜಂದಿರೇ ಬಿಡುವುದಿಲ್ಲ. ಅಲ್ಲಿ ರಾಗ ಆಳು, ಮಾತು ಯಜಮಾನ. ಆ ಊರಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ‘ಇದು ಶಾಸ್ತ್ರೀಯವಾ, ಲೈಟಾ’ ಅಂತ ಯಾರೂ ಕೇಳಲಿಲ್ಲ.

ದುಡ್ಡಿಗಾಗಿ ಮಾಡ್ತಾರೆ ಅಲ್ವಾ?

ಹೌದು. ಪುರೋಹಿತರೂ ದಕ್ಷಿಣೆ ತೆಗೆದುಕೊಳ್ಳುತ್ತಾರೆ. ಹಿಂದೂಸ್ತಾನಿ ಗಾಯಕ ಬಡೇ ಗುಲಾಂ ಅಲಿ ಖಾನರು 1960ರ ‘ಮೊಘಲ್-ಎ-ಆಜಂ’ಗೆ ಹಾಡಲು ಮನಸ್ಸಿಲ್ಲದೆ, ಯಾರೂ ಕೊಡಲಾರದಷ್ಟು ಸಂಭಾವನೆ ಕೇಳಿದರಂತೆ. ಕೊಟ್ಟೇಬಿಟ್ಟರು. ದುಡ್ಡಿಗಾಗಿ ಹಾಡಿದ ಆ ಠುಮ್ರಿ ಕೇಳಿ, ಆಮೇಲೆ ಮಾತಾಡೋಣ.

ನಿಜವಾದ ದೊಡ್ಡವರು ಸಿನಿಮಾ ಕಡೆ ಹೋಗಿಲ್ಲ ಅಂತಾರೆ. ಹೌದಾ?

ಹೋಗಿದ್ದಾರೆ. ಭೀಮಸೇನರು 1956ರ ಹಿಂದಿ ಸಿನಿಮಾ ‘ಬಸಂತ್ ಬಹಾರ್’ನಲ್ಲಿ ಮನ್ನಾ ಡೇ ಜೊತೆ ಸ್ಪರ್ಧೆಯ ಹಾಡು ಹಾಡಿದ್ದಾರೆ. ಕಥೆಯ ಪ್ರಕಾರ ಮನ್ನಾ ಡೇ ಗೆಲ್ಲಬೇಕು, ಭೀಮಸೇನರು ಸೋಲಬೇಕು. ಮನ್ನಾ ಡೇ ಹೆದರಿ ಓಡಿಹೋಗುವ ಯೋಚನೆ ಮಾಡಿದ್ದರಂತೆ. ಸೋಲುವ ಪಾತ್ರಕ್ಕೆ ದನಿ ಕೊಡಲು ಭೀಮಸೇನರಿಗೆ ಯಾವ ಮುಜುಗರವೂ ಆಗಲಿಲ್ಲ. ಮುಂದೆ ಅವರಿಗೆ ಭಾರತರತ್ನ ಬಂತು.

ಒಪ್ಪದವರೂ ಇದ್ದರು. ಹಿಂದೂಸ್ತಾನಿ ಗಾಯಕಿ ಕಿಶೋರಿ ಅಮೋಣಕರ್ ಸಿನಿಮಾಕ್ಕೆ ಹಾಡಿದಾಗ ಅವರ ತಾಯಿ, ಗುರು ಮೊಗೂಬಾಯಿ ಕುರ್ಡೀಕರ್ ಅವರಿಗೆ ಸರಿಬರಲಿಲ್ಲ. ಮಗಳು ದೂರ ಉಳಿದರು. ಆದರೂ 1990ರಲ್ಲಿ ಒಂದು ಹಿಂದಿ ಸಿನಿಮಾಕ್ಕೆ ಅವರೇ ಸಂಗೀತ ಕೊಟ್ಟರು. ತಾಯಿಯ ಮಾತೂ ನನಗೆ ಅರ್ಥವಾಗುತ್ತದೆ. ಗಂಟಲು ಒಂದೇ, ದಿನಕ್ಕೆ ಗಂಟೆಗಳೂ ಅಷ್ಟೇ. ಸ್ಟುಡಿಯೋಗೆ ಹೋದ ದಿನ ಅಭ್ಯಾಸ ತಪ್ಪುತ್ತದೆ. ಬೆರಕೆಯ ವಿರುದ್ಧ ನಾನು ಕೇಳಿದ ವಾದಗಳಲ್ಲಿ ಇದೊಂದೇ ಗಟ್ಟಿ.

ಬೊಚೆಲ್ಲಿಯಂಥ ಪಾಶ್ಚಾತ್ಯ ಗಾಯಕರನ್ನು ಅಲ್ಲಿಯವರೇ ಯಾಕೆ ಒಪ್ಪುವುದಿಲ್ಲ?

ಅಲ್ಲಿಯ ಜಗಳದ ಬೇರು ಮೈಕ್‌ನಲ್ಲಿದೆ. ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕರು ಮೈಕ್ ಇಲ್ಲದೆ, ಇಡೀ ವಾದ್ಯವೃಂದದ ಮೇಲೆ ದನಿ ತೇಲಿಸಿ ಕೊನೆಯ ಸಾಲಿನವರಿಗೂ ಮುಟ್ಟಿಸಬೇಕು. ಅದಕ್ಕೇ ವರ್ಷಗಟ್ಟಲೆ ಮೈ ಪಳಗಿಸುತ್ತಾರೆ. ಮೈಕ್ ಬಂದರೆ ಆ ಪರೀಕ್ಷೆಯೇ ಇಲ್ಲ. ಹಾಗಾಗಿ ಪವರಾಟಿ, ಡೊಮಿಂಗೊ, ಕರೆರಾಸ್ 1990ರ ಜುಲೈ 7ರಂದು, ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ ಹಿಂದಿನ ರಾತ್ರಿ, ರೋಮ್‌ನಲ್ಲಿ ಮೈಕ್ ಇಟ್ಟುಕೊಂಡು ಜನಪ್ರಿಯ ಹಾಡುಗಳನ್ನೂ ಹಾಡಿದಾಗ ಗೊಣಗಿದವರೂ ಕೊನೆಗೆ ಸುಮ್ಮನಾದರು. ಮೂವರೂ ಒಪೆರಾ ವೇದಿಕೆಯಲ್ಲಿ ಮೊದಲೇ ಗೆದ್ದಿದ್ದರು. ಬೊಚೆಲ್ಲಿ ಬಂದದ್ದು ಉಲ್ಟಾ ದಾರಿಯಲ್ಲಿ. ಮೊದಲು ಜನಪ್ರಿಯ ಹಾಡು, ಆಮೇಲೆ ಒಪೆರಾ. ಅದಕ್ಕೇ ಅನುಮಾನ. (ಅಂದಹಾಗೆ ಅವರೂ ಕಾನೂನು ಓದಿ ವಕೀಲಿಕೆ ಮಾಡಿದವರು, ನಮ್ಮ ಸುಬ್ಬಣ್ಣನವರ ಹಾಗೆ.)

ಆ ಅಳತೆಗೋಲನ್ನು ಇಲ್ಲಿಗೆ ತರಬೇಡಿ. ನಮ್ಮ ಕಛೇರಿಗೇ ಮೈಕ್ ಬಂದು ಎಷ್ಟೋ ಕಾಲವಾಯಿತು. ಇಲ್ಲಿ ಕೇಳಬೇಕಾದ್ದು ಶ್ರುತಿ ಇದೆಯಾ, ಲಯ ಇದೆಯಾ, ಮಾತು ಉಳಿದಿದೆಯಾ ಅಂತ.

ಫ್ಯೂಷನ್ ಕೇಳಿದರೆ ನನಗೆ ತಲೆನೋವು. ಒಳ್ಳೆಯದು ಯಾವುದು ಅಂತ ಗೊತ್ತಾಗುವುದು ಹೇಗೆ?

ತಲೆನೋವು ಬಂದರೆ ಬಹುಶಃ ನಿಮ್ಮ ಕಿವಿ ಸರಿಯಾಗಿದೆ.

ಮೊದಲು ಕೀಬೋರ್ಡ್ ಕಡೆ ಕಿವಿ ಇಡಿ. ಶಂಕರಾಭರಣ ರಾಗ ಹಾಡುವಾಗ ಅದು ಸರಾಗವಾಗಿ ಕೂಡುತ್ತದೆ. ಪಾಶ್ಚಾತ್ಯರ ಮೇಜರ್ ಸ್ಕೇಲೂ ಅದೇ ಸ್ವರಗಳದ್ದು. ದೀಕ್ಷಿತರ ನೋಟ್ಟುಸ್ವರಗಳು ಆ ರಾಗದಲ್ಲೇ ಇರುವುದು ಸುಮ್ನೆ ಅಲ್ಲ. ತೋಡಿ ರಾಗಕ್ಕೆ ಬನ್ನಿ. ಅಲ್ಲಿಯ ಗಾಂಧಾರ (‘ಗ’ ಸ್ವರ) ಒಂದು ಕಡೆ ನಿಲ್ಲುವುದಿಲ್ಲ, ಓಲಾಡುತ್ತದೆ. ಕೀಬೋರ್ಡಿನ ಗಾಂಧಾರ ಗೂಟ ಹೊಡೆದ ಹಾಗೆ ನಿಲ್ಲುತ್ತದೆ. ಗಾಯಕರು ಆ ಗೂಟಕ್ಕೆ ತಮ್ಮ ಸ್ವರ ಕಟ್ಟಿದರೆ ತೋಡಿ ಹೋಯಿತು. ಕಟ್ಟದಿದ್ದರೆ ಇಬ್ಬರಿಗೂ ತಿಕ್ಕಾಟ. ಹಾರ್ಮೋನಿಯಂ ಬಗ್ಗೆ ಹೇಳಿದ ಅರ್ಧ ನಿಜ ಇದೇ. ತಿಳಿದವರು ಅಂಥ ಕಡೆ ಕೀಬೋರ್ಡನ್ನು ಷಡ್ಜ, ಪಂಚಮ (‘ಸ’, ‘ಪ’) ಹಿಡಿದು ಸುಮ್ಮನಿರಲು ಹೇಳುತ್ತಾರೆ.

ನಮ್ಮ ತೋಟದವರು ಅಪ್ಪೆಮಿಡಿಗೆ ಕಸಿ ಕಟ್ಟುವುದನ್ನು ನೋಡಿದ್ದೀರಲ್ಲ. ಎರಡೂ ಕಡೆ ಸಿಪ್ಪೆ ಹೆರೆದು, ಹಸಿ ಭಾಗಕ್ಕೆ ಹಸಿ ಭಾಗ ಕೂಡಿಸಿ ಬಿಗಿಯಬೇಕು. ಪಕ್ಕಪಕ್ಕ ಇಟ್ಟು ದಾರ ಸುತ್ತಿದರೆ ಹಿಡಿಯುವುದಿಲ್ಲ. 1970ರ ದಶಕದ ಫ್ಯೂಷನ್ ತಂಡ ‘ಶಕ್ತಿ’ ಚೆನ್ನಾಗಿ ಹಿಡಿದ ಕಸಿ. ಗಿಟಾರಿನ ಜಾನ್ ಮೆಕ್ಲಾಫ್ಲಿನ್ ಅಮೆರಿಕದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಸ್ವರ ಎಳೆಯಲು ಬರುವಂತೆ ಗಿಟಾರಿನ ಮೆಟ್ಟಿಲುಗಳ ನಡುವೆ ಮರ ಕೊರೆಸಿಕೊಂಡರು. ತಬಲಾದ ಜಾಕಿರ್ ಹುಸೇನರು ಘಟದ ವಿಕ್ಕು ವಿನಾಯಕರಾಮ್ ಜೊತೆ ಕೂತು ದಕ್ಷಿಣದ ಲೆಕ್ಕಾಚಾರ ತಿಳಿದರು. ಪಿಟೀಲಿನ ಎಲ್. ಶಂಕರ್ ಕೂಡ ಜೊತೆಗಿದ್ದರು. ಎಲ್ಲರೂ ಸಿಪ್ಪೆ ಹೆರೆಸಿಕೊಂಡವರೇ. ಅದೇ ಹೆಸರಿನ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂತು.

ಪೆಂಡಾಲಿನ ಫ್ಯೂಷನ್ ಹೆಚ್ಚಿನದು ದಾರ ಸುತ್ತಿದ್ದು. ಮೊದಲು ಇವರು, ಆಮೇಲೆ ಅವರು, ಕೊನೆಗೆ ಎಲ್ಲರೂ ಸೇರಿ ಜೋರಾಗಿ. ಡ್ರಮ್ಸ್ ನಿಂತ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ.

ಯಕ್ಷಗಾನದಲ್ಲೂ ಈ ಜಗಳ ಇದೆಯಂತೆ?

ಇದೆ, ಇನ್ನೂ ಬಿಸಿಯಾಗಿದೆ. ಬಡಗುತಿಟ್ಟಿನ (ಉತ್ತರದ ಶೈಲಿಯ) ಭಾಗವತರು, ಅಂದರೆ ಆಟಕ್ಕೆ ಹಾಡುವವರು, ಕಾಳಿಂಗ ನಾವಡರು ಹೊಸ ರಾಗ, ಹೊಸ ಧಾಟಿ ತಂದಾಗ ‘ಇದು ಯಕ್ಷಗಾನವೇ ಅಲ್ಲ’ ಅಂದವರಿದ್ದರು. ಟೆಂಟ್ ಮಾತ್ರ ತುಂಬುತ್ತಿತ್ತು. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಈಗ ತೀರ್ಥಹಳ್ಳಿ, ಸಾಗರದ ಕಡೆ ಯಾವ ಆಟಕ್ಕೆ ಹೋದರೂ ಹಳಬರು ಹೊಸ ಭಾಗವತರನ್ನು ಬೈಯುವುದು ‘ನಾವಡರ ಹಾಗಿಲ್ಲ’ ಅಂತ.

ನಿಮಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಯಾಕೆ ಮೇಷ್ಟ್ರೇ?

ಒಂದು ಸಂಗೀತ ಸಭಾದವರು ನನ್ನನ್ನು ಕಛೇರಿಗೆ ಕರೆದು, ವಾರಕ್ಕೆ ಮುಂಚೆ ಬೇಡ ಅಂದರು. ನಾನು ಒಂದು ಮದುವೆ ಆರತಕ್ಷತೆಯಲ್ಲಿ ಚಿತ್ರಗೀತೆ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ. ಹಾಡು ಹೇಗಿತ್ತು ಅಂತ ಕೇಳಿದೆ. ‘ಚೆನ್ನಾಗೇ ಇತ್ತು, ಅದೇ ತೊಂದರೆ’ ಅಂದರು. ಆಗ ಸಿಟ್ಟು ಬಂದಿತ್ತು. ಈಗ ಜಾಸ್ತಿ ನಗು ಬರುತ್ತದೆ.

ಮಗಳನ್ನು ಟಿವಿ ರಿಯಾಲಿಟಿ ಶೋಗೆ ಕಳಿಸಬಹುದಾ?

ವರ್ಣ (ಅಭ್ಯಾಸದ ಒಂದು ರಚನೆ) ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ನಿಲ್ಲುವವರೆಗೆ ತಡೆಯಿರಿ. ಸಿನಿಮಾ ಹಾಡು ಕೀಳು ಅಂತ ಈ ಮಾತು ಹೇಳುತ್ತಿಲ್ಲ. ಒಂದೆರಡು ನಿಮಿಷದಲ್ಲಿ ಜಡ್ಜ್‌ಗಳು ಎದ್ದು ನಿಲ್ಲಬೇಕು ಅನ್ನುವ ಆತುರಕ್ಕೆ ಮಕ್ಕಳು ಚಪ್ಪಾಳೆ ಬರುವ ಜಾಗದಲ್ಲೆಲ್ಲ ಒಂದು ಸಂಗತಿ ಸಿಕ್ಕಿಸಲು ಕಲಿಯುತ್ತಾರೆ. ಆ ಚಟ ಬಿಡಿಸಲು ನನಗೆ ಎರಡು ವರ್ಷ ಹಿಡಿಯುತ್ತದೆ.

ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡಿದ್ದೀರಲ್ಲ, ಅದೂ ಬೆರಕೆಯೇ ಅಲ್ವಾ?

ಜುಲೈ ತಿಂಗಳ ಮಲೆನಾಡಿನಲ್ಲಿ ನಿಜವಾದ ತಂಬೂರಿ ಶ್ರುತಿ ಮಾಡಿ ತೋರಿಸಿ. ತಂತಿ ಹಿಡಿದಲ್ಲಿ ನಿಲ್ಲುವುದಿಲ್ಲ, ಮೃದಂಗದ ಚರ್ಮ ಥಂಡಿಗೆ ಸಡಿಲ ಬಿದ್ದಿರುತ್ತದೆ. ಬೆರಕೆಯಾದರೆ ಆಗಲಿ.

ಹಾಗಾದರೆ ಪಾಠದಲ್ಲಿ ಸಿನಿಮಾ ಹಾಡು ಹೇಳಿಕೊಡ್ತೀರಾ?

ಶನಿವಾರ ಕೊನೆಯ ಅರ್ಧ ಗಂಟೆ. ಹಾಡು ಮಕ್ಕಳೇ ತರಬೇಕು. ರಾಗ ಗುರುತಿಸಿ, ಸ್ವರ ಬರೆದು, ಹಾಡು ಎಲ್ಲಿ ರಾಗ ಬಿಟ್ಟು ಹೊರಗೆ ಹೋಯಿತು ಅಂತ ಹೇಳಬೇಕು. ಆಮೇಲೆ ಹಾಡಬೇಕು. ಮೊನ್ನೆ ಒಬ್ಬ ಹುಡುಗ ತಂದ ಹಾಡಿನಲ್ಲಿ ಎರಡು ನಿಷಾದ (ಎರಡು ಥರದ ‘ನಿ’ ಸ್ವರ) ಬರುತ್ತದೆ ಅಂದ. ನಾನು ಒಂದೇ ಅಂತ ವಾದ ಮಾಡಿದೆ. ಅವನ ಅಪ್ಪನ ಮೊಬೈಲಿನಲ್ಲಿ ನಾಲ್ಕು ಸಲ ಹಾಕಿ ಕೇಳಿದೆವು. ಎರಡೇ ಇತ್ತು.